ಅಲೆ ಮರದ ಕಾವು ಕೇಳಬೇಡಿ

"ಸುತ್ತಿಗೆಗೆ ಕಾವು ಬೇಕು. ಸಾದಾ ಮರ ಬೇಡ, ಅಲೆ ಅಲೆ ಇರುತ್ತಲ್ಲ, ಅಂಥದ್ದೇ ಆಗ್ಲಿ." ಹೀಗೆ ಹತ್ಯಾರಕ್ಕೆ ಹಿಡಿ ಕೇಳಿಕೊಂಡು ನನ್ನ ಹತ್ತಿರ ಬರುವವರು ಜಾಸ್ತಿ ಆಗಿದ್ದಾರೆ. ಆಗಲ್ಲ ಅಂದರೆ ಮುಖ ಸಣ್ಣದಾಗುತ್ತದೆ. ದುಡ್ಡು ಜಾಸ್ತಿ ಕೊಡ್ತೀನಿ ಅನ್ನುತ್ತಾರೆ. ದುಡ್ಡಿನ ಮಾತಲ್ಲ ಇದು.

ಆ ಅಲೆ ಮರದ ಮೈಮೇಲಿನ ಬಣ್ಣವಲ್ಲ. ನಾರು ನೆಟ್ಟಗೆ ಓಡದೆ ಬಳುಕಿದೆ, ಅಷ್ಟೇ. ಹಾಗಾಗಿ ಬೆಳಕು ಒಂದು ಪಟ್ಟಿಯಲ್ಲಿ ಮಿನುಗಿ ಪಕ್ಕದಲ್ಲಿ ಮಂಕಾಗುತ್ತದೆ. ಇಂಥ ಮರವನ್ನು ನೇರ ಕೊಯ್ದರೆ ಪ್ರತಿ ಬಳುಕಿನಲ್ಲೂ ಗರಗಸ ನಾರನ್ನು ತುಂಡರಿಸಿರುತ್ತದೆ. ಕಾವಿನ ಈ ತುದಿಯಿಂದ ಆ ತುದಿಗೆ ಹೋಗುವ ನಾರು ಎಷ್ಟು ಉಳಿಯಿತು ಹೇಳಿ? ಮರದ ಗಟ್ಟಿತನ ಇರುವುದು ನಾರಿನ ಉದ್ದಕ್ಕೆ. ನಾರಿಗೂ ನಾರಿಗೂ ಇರುವ ಅಂಟಿಗೆ ಅದರಲ್ಲಿ ಚೂರೇ ಚೂರು ಬಲ. ಅನುಮಾನವಿದ್ದರೆ ಮರದ ಮೇಲೆ ಒಂದು ಹನಿ ಶಾಯಿ ಬಿಡಿ. ನಾರು ಓಡಿದ ದಿಕ್ಕಿಗೇ ಅದು ಹಬ್ಬುತ್ತದೆ. ಕಾವಿನ ಅಂಚಿನ ಕಡೆಗೆ ಓರೆಯಾಗಿ ಹೊರಟರೆ ಆ ತುಂಡು ಪಕ್ಕಕ್ಕಿಡಿ.

ಕಲಿಯುವಾಗ ನಾನೂ ಒಂದು ಮಾಡಿದ್ದೆ. ಎಣ್ಣೆ ಹಚ್ಚಿದ ಮೇಲೆ ಹುಲಿ ಪಟ್ಟೆ ಎದ್ದು ಬಂದಿತ್ತು. ಮೂರನೇ ಮೊಳೆ ಹೊಡೆಯುವಾಗ ಕತ್ತಿನ ಹತ್ತಿರ ಮುರಿಯಿತು. ಸಿಬಿರು ಎದ್ದು ಎಚ್ಚರಿಸಲೂ ಇಲ್ಲ, ಬಿಸ್ಕತ್ತಿನ ಹಾಗೆ ಪಟ್ ಅಂತ ಅಡ್ಡಕ್ಕೆ ಹೋಯಿತು. ಕಬ್ಬಿಣದ ತಲೆ ಕಿವಿಯ ಪಕ್ಕದಲ್ಲೇ ಹಾರಿತು. ಉಳಿದ ತುಂಡಿನಲ್ಲಿ ಇವತ್ತಿಗೂ ವಾರ್ನಿಶ್ ಕಲಸುತ್ತೇನೆ.

ಎಲ್ಲ ಅಲೆ ಮರವೂ ಮುರಿದೇ ಮುರಿಯುತ್ತದೆ ಅಂತ ಹೇಳುತ್ತಿಲ್ಲ. ಸಣ್ಣ ಅಲೆ, ದಪ್ಪ ಹಿಡಿ, ಕೈಯಲ್ಲೇ ಒತ್ತಿ ಕೆತ್ತುವ ಉಳಿ ಆದರೆ ಸಂತೋಷವಾಗಿ ಮಾಡಿಕೊಡುತ್ತೇನೆ. ಮರದ ಮೇಲೆ ಗುರುತಿನ ಗೆರೆ ಎಳೆಯುವ ಗೀಚುಮಟ್ಟಕ್ಕೂ ಸರಿ. ಕೆಲಸ ಮಾತ್ರ ನಿಧಾನ. ಮರ ಹೆರೆದು ನಯ ಮಾಡುವ ಉಜ್ಜುಗೊರಡಿನ ಅಲಗು 45 ಡಿಗ್ರಿಗೆ ಕೂತಿದ್ದರೆ ಅಲೆಯ ಮೇಲೆ ಚಕ್ಕೆ ಕೀಳುತ್ತದೆ, ಅಲಗನ್ನು 55ಕ್ಕೆ ಏರಿಸಿದರೆ ಸ್ವಲ್ಪ ಮಾತು ಕೇಳುತ್ತದೆ. ಶಿಲೀಂಧ್ರ ಹತ್ತಿ ಕಪ್ಪು ಗೆರೆ ಬಿದ್ದ ಮರವಾದರೆ ಮೊದಲು ಉಗುರು ಒತ್ತಿ ನೋಡುತ್ತೇನೆ. ಅಚ್ಚು ಬಿದ್ದರೆ ಯಾವ ಹತ್ಯಾರಕ್ಕೂ ಬೇಡ.

ಕೊಡತಿಯ, ಅಂದರೆ ಮರದ ಸುತ್ತಿಗೆಯ, ತಲೆಗಾದರೆ ಲೆಕ್ಕವೇ ಬೇರೆ. ಮರದ ಮೈಮೇಲೆ ಉಬ್ಬಿದ ಗಂಟಿನಲ್ಲಿ ನಾರು ಜಡೆಗಟ್ಟಿರುತ್ತದೆ. ಸೀಳು ಓಡಲು ನೇರ ದಾರಿಯೇ ಸಿಗುವುದಿಲ್ಲ. ಚೆನ್ನಾಗಿ ಒಣಗಿರಬೇಕು ಅಷ್ಟೇ. ಮೊನ್ನೆ ಒಬ್ಬರಿಗೆ ಗಂಟಿನ ತಲೆ, ನೇರ ನಾರಿನ ಕಾವು ಹಾಕಿ ಕೊಡತಿ ಮಾಡಿಕೊಟ್ಟೆ. ವಾರ ಬಿಟ್ಟು ಫೋನ್ ಮಾಡಿದರು. ಅದರಲ್ಲಿ ಹೊಡೆಯೋಕೆ ಮನಸ್ಸೇ ಬರ್ತಿಲ್ಲವಂತೆ, ಇನ್ನೊಂದು ಸಾದಾದ್ದು ಬೇಕಂತೆ.