ಹೆಚ್ಚಿನ ಪಿಕಪ್ ಎಲ್ಲಿಂದ ಬರುತ್ತದೆ, ವಾರಂಟಿ ಎಲ್ಲಿಗೆ ಹೋಗುತ್ತದೆ?

ಟರ್ಬೊ ಎಂಜಿನ್ನಿನ ಹೊಸ ಕಾರು ಕೊಂಡವರ ಕಿವಿಗೆ ಬೇಗನೆ ಬೀಳುವ ಮಾತು ರೀಮ್ಯಾಪ್. ಇದಕ್ಕೆ ಎಷ್ಟೋ ಸಲ ಒಂದು ಬೋಲ್ಟನ್ನೂ ಬಿಚ್ಚುವುದಿಲ್ಲ. ಸ್ಟಿಯರಿಂಗ್ ಕೆಳಗಿನ, ಕಾರಿನ ದೋಷ ಪತ್ತೆಗೆ ಅಂತ ಇಟ್ಟಿರುವ ಓಬಿಡಿ ಪೋರ್ಟಿಗೆ ಲ್ಯಾಪ್‌ಟಾಪ್ ಜೋಡಿಸಿ, ಎಂಜಿನ್ ನಡೆಸುವ ಕಂಪ್ಯೂಟರಿನ, ಅಂದರೆ ಇಸಿಯುವಿನ, ಲೆಕ್ಕಾಚಾರವನ್ನು ಬದಲಿಸುತ್ತಾರೆ. ಎಳೆತ ಕಾಲು ಭಾಗದಷ್ಟು ಹೆಚ್ಚಬಹುದು. ಇದರಲ್ಲಿ ಮೋಸವಿಲ್ಲ, ಹೆಚ್ಚಳ ನಿಜವಾದದ್ದೇ. ಆದರೆ ಮುಂದೆ ಗೇರ್‌ಬಾಕ್ಸ್ ಕೈಕೊಟ್ಟಾಗ ಸರ್ವಿಸ್ ಸೆಂಟರಿನವರು "ಇದಕ್ಕೆ ವಾರಂಟಿ ಬರಲ್ಲ" ಅನ್ನುತ್ತಾರೆ. ಮುಟ್ಟಿಸಿದ್ದು ಎಂಜಿನ್ನಿನ ಸಾಫ್ಟ್‌ವೇರ್, ಕೆಟ್ಟಿದ್ದು ಗೇರ್‌ಬಾಕ್ಸ್, ಎರಡಕ್ಕೂ ಏನು ಸಂಬಂಧ ಅಂತ ಮಾಲೀಕರಿಗೆ ಸಿಟ್ಟು ಬರುತ್ತದೆ.

ಸಂಬಂಧ ಇದೆ. ಅದನ್ನು ತಿಳಿಯಲು ಆ ಹೆಚ್ಚಿನ ಶಕ್ತಿ ಬಂದಿದ್ದೆಲ್ಲಿಂದ ಅನ್ನುವುದನ್ನು ಮೊದಲು ನೋಡಬೇಕು.

ಎಂಜಿನ್ನಿನ ಶಕ್ತಿ ಅದು ಎಷ್ಟು ಗಾಳಿ ಎಳೆದುಕೊಳ್ಳುತ್ತದೆ ಅನ್ನುವುದರ ಮೇಲೆ ನಿಂತಿದೆ. ಜಾಸ್ತಿ ಗಾಳಿ ಬಂದರೆ ಜಾಸ್ತಿ ಇಂಧನ ಉರಿಸಬಹುದು. ಟರ್ಬೊ ಮಾಡುವುದು ಇದನ್ನೇ. ಹೊರಹೋಗುವ ಬಿಸಿ ಹೊಗೆಯಿಂದ ತಿರುಗಿ, ಒಳಬರುವ ಗಾಳಿಯನ್ನು ಒತ್ತಿ ತುಂಬುತ್ತದೆ. ಎಷ್ಟು ಒತ್ತಬೇಕು, ಎಷ್ಟು ಪೆಟ್ರೋಲ್ ಚಿಮ್ಮಿಸಬೇಕು, ಕಿಡಿ ಯಾವ ಕ್ಷಣದಲ್ಲಿ ಹಾರಬೇಕು, ಟಾರ್ಕ್, ಅಂದರೆ ತಿರುಚುವ ಬಲ, ಎಲ್ಲಿಗೆ ನಿಲ್ಲಬೇಕು ಅನ್ನುವುದೆಲ್ಲ ಇಸಿಯುವಿನ ಕೋಷ್ಟಕಗಳಲ್ಲಿ, ಅಂದರೆ ಮ್ಯಾಪ್‌ಗಳಲ್ಲಿ, ಇರುತ್ತದೆ. ರೀಮ್ಯಾಪ್ ಮಾಡುವವರು ಬದಲಿಸುವುದು ಈ ಅಂಕಿಗಳನ್ನು.

ಅಷ್ಟು ಸುಲಭವಾಗಿ ಸಿಗುವ ಶಕ್ತಿಯನ್ನು ಕಂಪನಿಯವರೇ ಯಾಕೆ ಕೊಡಲಿಲ್ಲ? ಕೆಲವೊಮ್ಮೆ ಕಾರಣ ವ್ಯಾಪಾರದ್ದು. ಒಂದೇ ಎಂಜಿನ್ನನ್ನು ಎರಡು ಮೂರು ಶಕ್ತಿಮಟ್ಟಗಳಲ್ಲಿ ಬೇರೆ ಬೇರೆ ಬೆಲೆಗೆ ಮಾರುವುದುಂಟು. ಆದರೆ ದೊಡ್ಡ ಕಾರಣ ಬೇರೆ. ಕಂಪನಿಗೆ ತನ್ನ ಕಾರು ಯಾರ ಕೈಗೆ ಹೋಗುತ್ತದೆ ಅಂತ ಗೊತ್ತಿಲ್ಲ. ಅದೇ ಕಾರು ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಕಲಬುರಗಿಯಲ್ಲಿ ಎಸಿ ಹಾಕಿಕೊಂಡು ಓಡಬೇಕು. ಐದು ಜನ ಮತ್ತು ಲಗೇಜು ತುಂಬಿಕೊಂಡು ಚಾರ್ಮಾಡಿ ಘಾಟಿ ಹತ್ತಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಗಾಳಿ ಮಂಗಳೂರಿಗಿಂತ ತೆಳು. ಅಲ್ಲಿ ಅಷ್ಟೇ ಗಾಳಿ ತುಂಬಲು ಟರ್ಬೊ ಇನ್ನೂ ಜೋರಾಗಿ ತಿರುಗಬೇಕು. ಚಿಕ್ಕ ಟರ್ಬೊಗಳು ನಿಮಿಷಕ್ಕೆ 2 ಲಕ್ಷ ಸುತ್ತು ದಾಟುವುದೂ ಇದೆ. ಯಾವುದೋ ಊರಿನ ಬಂಕಿನಲ್ಲಿ ಪೆಟ್ರೋಲ್ ಅಷ್ಟು ಚೆನ್ನಾಗಿರಲಿಕ್ಕಿಲ್ಲ. ಯಾರೋ ಆಯಿಲ್ ಬದಲಿಸುವುದನ್ನು ತಡ ಮಾಡುತ್ತಾರೆ. ಕೆರೆ ಕಟ್ಟುವವರು ಯಾವತ್ತೋ ಬರುವ ದೊಡ್ಡ ಮಳೆಗೆ ಅಂತ ಕೋಡಿ ಬಿಡುವ ಹಾಗೆ, ಎಂಜಿನಿಯರುಗಳು ಇದಕ್ಕೆಲ್ಲ ಜಾಗ ಬಿಟ್ಟಿರುತ್ತಾರೆ. ರೀಮ್ಯಾಪ್ ಬಳಸಿಕೊಳ್ಳುವುದು ಈ ಜಾಗವನ್ನೇ. ವಾರಂಟಿಯ ಲೆಕ್ಕವೂ ಇದೇ ಜಾಗವನ್ನು ನಂಬಿಕೊಂಡಿರುತ್ತದೆ.

ಮೊದಲು ಬರುವ ಅಪಾಯ ನಾಕಿಂಗ್. ಸಿಲಿಂಡರಿನಲ್ಲಿ ಕಿಡಿ ಹಾರಿದ ಮೇಲೆ ಉರಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡುತ್ತಾ ಹೋಗಬೇಕು. ಒತ್ತಡ ಮತ್ತು ಬಿಸಿ ಮಿತಿಮೀರಿದರೆ, ಉರಿ ತಲುಪುವ ಮೊದಲೇ ಮೂಲೆಯಲ್ಲಿದ್ದ ಮಿಶ್ರಣ ತಾನಾಗಿ ಹೊತ್ತಿಕೊಳ್ಳುತ್ತದೆ. ಆಗ ಏಳುವ ಒತ್ತಡದ ಅಲೆಗಳು ಪಿಸ್ಟನ್ನಿಗೆ ಸುತ್ತಿಗೆಯಂತೆ ಬಡಿಯುತ್ತವೆ. ಇಂಧನದ ಆಕ್ಟೇನ್ ಅಂಕಿ ಹೇಳುವುದು ಹೀಗೆ ತಾನಾಗಿ ಹೊತ್ತಿಕೊಳ್ಳುವುದನ್ನು ಅದು ಎಷ್ಟು ತಡೆಯುತ್ತದೆ ಅಂತ. ನಾಕ್ ಸೆನ್ಸರ್ ಈ ಸದ್ದು ಕೇಳಿಸಿಕೊಂಡು ಕಿಡಿಯನ್ನು ಸ್ವಲ್ಪ ತಡ ಮಾಡುತ್ತದೆ. ಆದರೆ ಸೆನ್ಸರಿಗೆ ಗೊತ್ತಾಗುವುದು ಬಡಿತ ಬಿದ್ದ ಮೇಲೆ. ಹೆಚ್ಚು ಆಕ್ಟೇನ್ ಪೆಟ್ರೋಲನ್ನೇ ನೆಚ್ಚಿಕೊಂಡು ಬರೆದ ಮ್ಯಾಪ್ ಹಾಕಿಸಿ, ದೂರದ ಪ್ರಯಾಣದಲ್ಲಿ ಸಿಕ್ಕಿದ್ದನ್ನು ತುಂಬಿಸಿದರೆ ಆ ಸೆನ್ಸರ್ ಇಡೀ ದಾರಿ ಹೆಣಗಬೇಕಾಗುತ್ತದೆ. ಪಿಸ್ಟನ್ನಿನ ರಿಂಗುಗಳ ನಡುವಿನ ತೆಳ್ಳನೆಯ ಅಂಚು ಮುರಿಯುವುದು ಇಂಥ ಕಡೆ.

ಈಗ ಗೇರ್‌ಬಾಕ್ಸಿಗೆ ಬರೋಣ. ನಮ್ಮ ರಸ್ತೆಗಳಲ್ಲೇ ಓಡಾಡುತ್ತಿರುವ ಒಂದು ಉದಾಹರಣೆ ನೋಡಿ. ಫೋಕ್ಸ್‌ವ್ಯಾಗನ್ ಗುಂಪಿನ ಡಿಕ್ಯೂ200 ಅನ್ನುವ 7 ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಎರಡು ಡ್ರೈ ಕ್ಲಚ್‌ಗಳಿವೆ, ಅಂದರೆ ಎಣ್ಣೆಯಲ್ಲಿ ಮುಳುಗಿರದ ಕ್ಲಚ್‌ಗಳು. ಅದು ತಾಳಬಲ್ಲದು ಅಂತ ಕಂಪನಿ ಹೇಳುವ ಟಾರ್ಕ್ 250 ನ್ಯೂಟನ್ ಮೀಟರ್. ವರ್ಟಸ್, ಟೈಗುನ್ ಕಾರುಗಳಲ್ಲಿ ಇದರ ಜೊತೆ ಬರುವ 1.5 ಲೀಟರ್ ಟಿಎಸ್‌ಐ ಟರ್ಬೊ ಪೆಟ್ರೋಲ್ ಎಂಜಿನ್ ಕೊಡುವ ಟಾರ್ಕ್ ಕೂಡ 250 ನ್ಯೂಟನ್ ಮೀಟರೇ. ಎಂಜಿನ್ನಿನಲ್ಲಿ ಇನ್ನೂ ಜಾಗ ಇರಬಹುದು, ಆದರೆ ಗೇರ್‌ಬಾಕ್ಸಿನ ಕಾಗದದ ಮಿತಿ ಶೋರೂಮಿನಲ್ಲೇ ಮುಟ್ಟಿದೆ. ಅದರ ಮೇಲೆ ಹತ್ತು ನ್ಯೂಟನ್ ಮೀಟರ್ ಹಾಕಿದ ತಕ್ಷಣ ಕ್ಲಚ್ ಸುಟ್ಟುಹೋಗುತ್ತದೆ ಅಂತಲ್ಲ. ಆದರೆ ಅಲ್ಲಿಂದ ಮುಂದಕ್ಕೆ ಕಂಪನಿ ಯಾವ ಭರವಸೆಯನ್ನೂ ಕೊಟ್ಟಿಲ್ಲ.

ಇನ್ನೊಂದು ಲೆಕ್ಕ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ತಿರುಗುವ ಭಾಗಗಳನ್ನು ಹಿಡಿದಿಡುವ ಬಾಲ್ ಬೇರಿಂಗಿನ ಆಯಸ್ಸು ಅದರ ಮೇಲಿನ ಹೊರೆಯ ಘನಕ್ಕೆ ವಿಲೋಮವಾಗಿ ಇಳಿಯುತ್ತದೆ. ಎಂಜಿನಿಯರಿಂಗ್ ಓದಿದವರಿಗೆಲ್ಲ ಗೊತ್ತಿರುವ ಸೂತ್ರ ಇದು. ಹೊರೆ 25% ಹೆಚ್ಚಿದರೆ 1.25ನ್ನು ಮೂರು ಸಲ ಗುಣಿಸಿ: ಸುಮಾರು 1.95. ಅಂದರೆ ಆಯಸ್ಸು ಹೆಚ್ಚುಕಡಿಮೆ ಅರ್ಧ. ನಿಜ, ಯಾರೂ ದಿನವಿಡೀ ಆಕ್ಸಿಲರೇಟರನ್ನು ಪೂರ್ತಿ ತುಳಿದುಕೊಂಡು ಓಡಿಸುವುದಿಲ್ಲ, ಹಾಗಾಗಿ ಪೂರ್ತಿ ಅರ್ಧಕ್ಕೆ ಇಳಿಯಲಿಕ್ಕಿಲ್ಲ. ಆದರೆ ರೀಮ್ಯಾಪ್ ಮಾಡಿಸಿದವರು ತುಳಿಯುವುದಕ್ಕೇ ಅಲ್ವಾ ಮಾಡಿಸಿರುವುದು? "ವರ್ಷ ಆಯ್ತು, ಏನೂ ಆಗಿಲ್ಲ" ಅನ್ನುವ ಮಾತು ಇದಕ್ಕೇ ನನಗೆ ಸಮಾಧಾನ ಕೊಡುವುದಿಲ್ಲ. ಲೋಹದ ದಣಿವು ಹೊರಗೆ ಕಾಣದೆ ಸೇರುತ್ತಾ ಹೋಗುತ್ತದೆ.

ಸರ್ವಿಸಿಗೆ ಕೊಡುವ ಮುಂಚೆ ಹಳೆಯ ಫೈಲ್ ವಾಪಸ್ ಹಾಕಿಸಿದರೆ ಆಯ್ತಲ್ಲ ಅನ್ನುವವರೂ ಇದ್ದಾರೆ. ಅಷ್ಟು ಸುಲಭವಲ್ಲ. ಅನೇಕ ಇಸಿಯುಗಳು ತಮ್ಮೊಳಗೆ ಎಷ್ಟು ಸಲ ಬರೆಯಲಾಗಿದೆ ಅನ್ನುವ ಎಣಿಕೆ ಇಟ್ಟಿರುತ್ತವೆ. ಸಾಫ್ಟ್‌ವೇರಿನ ಅಂಕಿಗಳಿಂದಲೇ ಲೆಕ್ಕ ಹಾಕಿ ತೆಗೆಯುವ ಒಂದು ಗುರುತು ಸಂಖ್ಯೆಯೂ ಇದೆ. ಫೈಲಿನಲ್ಲಿ ಒಂದು ಅಂಕಿ ಬದಲಾದರೂ ಅದು ಬದಲಾಗಬೇಕು. ಫೋಕ್ಸ್‌ವ್ಯಾಗನ್, ಆಡಿ ಕಾರುಗಳಲ್ಲಿ ಬದಲಾವಣೆ ಪತ್ತೆಯಾದರೆ ಆ ಕಾರಿನ ದಾಖಲೆಗೆ ಟಿಡಿ1 ಅನ್ನುವ ಗುರುತು ಬೀಳುತ್ತದೆ. ಸಾಫ್ಟ್‌ವೇರ್ ಮುಟ್ಟದೆ ಸೆನ್ಸರಿನ ತಂತಿಯ ನಡುವೆ ಕೂತು ಸುಳ್ಳು ಒತ್ತಡ ತೋರಿಸುವ ಪಿಗ್ಗಿಬ್ಯಾಕ್ ಪೆಟ್ಟಿಗೆಗಳಿವೆ. ಅವನ್ನು ಬಿಚ್ಚಿಟ್ಟರೂ ಮುರಿದ ಪಿಸ್ಟನ್, ಸವೆದ ಬೇರಿಂಗ್, ಕರಗಿದ ಟರ್ಬೈನ್ ತಮ್ಮ ಕಥೆ ತಾವೇ ಹೇಳುತ್ತವೆ. ಮುಚ್ಚಿಟ್ಟು ಕ್ಲೇಮ್ ಮಾಡುವುದು ಸರಿಯೂ ಅಲ್ಲ.

ಹಾಗಂತ ಕಂಪನಿ ಹೇಳಿದ್ದೆಲ್ಲ ಸರಿ ಅಂತಲೂ ನಾನು ಒಪ್ಪುವುದಿಲ್ಲ. ರೀಮ್ಯಾಪ್ ಮಾಡಿಸಿದ ಕಾರಿನ ಪವರ್ ವಿಂಡೋ ಕೆಟ್ಟರೆ ಅದಕ್ಕೂ ವಾರಂಟಿ ಇಲ್ಲ ಅನ್ನುವುದು ಅನ್ಯಾಯ. ಅಮೆರಿಕದಲ್ಲಿ 1975ರಲ್ಲೇ ಬಂದ ಮ್ಯಾಗ್ನಸನ್–ಮಾಸ್ ವಾರಂಟಿ ಕಾಯ್ದೆ ಈ ವಿಷಯದಲ್ಲಿ ಗ್ರಾಹಕರ ಪರವಾಗಿದೆ. ಹೊರಗಿನ ಭಾಗ ಹಾಕಿಸಿದ್ದೀರಿ ಅನ್ನುವ ಒಂದೇ ಕಾರಣಕ್ಕೆ ಕಂಪನಿ ವಾರಂಟಿ ನಿರಾಕರಿಸುವಂತಿಲ್ಲ. ಆ ಭಾಗದಿಂದಲೇ ಹಾನಿಯಾಯಿತು ಅಂತ ಕಂಪನಿಯೇ ತೋರಿಸಬೇಕು. ನಮ್ಮಲ್ಲಿ ಇದಕ್ಕೆಂದೇ ಇಷ್ಟು ಸ್ಪಷ್ಟವಾದ ಕಾನೂನು ಇಲ್ಲ. ವಾರಂಟಿ ಪುಸ್ತಕದ ಷರತ್ತುಗಳೇ ಮೊದಲ ಮಾತು. ತಕರಾರಿದ್ದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ, ತೊಂದರೆಯಾದ 2 ವರ್ಷದೊಳಗೆ, ನೀವಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ದೂರು ಕೊಡಬಹುದು. ದೋಷವನ್ನು ಪರೀಕ್ಷೆ ಮಾಡದೆ ತಿಳಿಯಲು ಆಗದಿದ್ದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ಆದ್ದರಿಂದ ಸರ್ವಿಸ್ ಸೆಂಟರಿನವರು ಬಾಯಿಮಾತಿನಲ್ಲಿ ಇಲ್ಲ ಅಂದರೆ ಸುಮ್ನೆ ಬರಬೇಡಿ. ಯಾವ ಭಾಗ, ಯಾವ ಬದಲಾವಣೆಯಿಂದ, ಹೇಗೆ ಕೆಟ್ಟಿತು ಅಂತ ಬರವಣಿಗೆಯಲ್ಲಿ ಕೇಳಿ.

ಎಂಜಿನ್ ಮುಟ್ಟದವರೂ ವಾರಂಟಿ ಕಳೆದುಕೊಳ್ಳುವ ಒಂದು ದಾರಿ ಇದೆ, ಹೆಡ್‌ಲೈಟ್. ಕಂಪನಿಯ 60 ವ್ಯಾಟ್ ಬಲ್ಬಿಗೆ 12 ವೋಲ್ಟಿನಲ್ಲಿ 5 ಆಂಪಿಯರ್ ಸಾಕು. ಜಾಗ ಅದೇ ಅಂತ 100 ವ್ಯಾಟ್ ಬಲ್ಬ್ ಹಾಕಿದರೆ ಅದೇ ತಂತಿಯಲ್ಲಿ 8.3 ಆಂಪಿಯರ್ ಹರಿಯುತ್ತದೆ. ತಂತಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಸುಮಾರು 2.8 ಪಟ್ಟಾಗುತ್ತದೆ. ಹೋಲ್ಡರ್ ಕರಗುವುದು, ವೈರಿಂಗ್ ಸುಡುವುದು ಇದರಿಂದಲೇ.

ಶಕ್ತಿಯೂ ಬೇಕು, ವಾರಂಟಿಯೂ ಬೇಕು ಅನ್ನುವವರಿಗೆ ದಾರಿ ಇಲ್ಲವೇ ಇಲ್ಲ ಅಂತಲ್ಲ. ಯುರೋಪಿನಲ್ಲಿ ಕೆಲವು ತಯಾರಕರು ತಾವೇ ಇಂಥ ಸಾಫ್ಟ್‌ವೇರ್ ಮಾರಿದ್ದಾರೆ. ಪೋಲ್‌ಸ್ಟಾರ್ 2 ಅನ್ನುವ ಎಲೆಕ್ಟ್ರಿಕ್ ಕಾರಿನ ಎರಡು ಮೋಟಾರಿನ ಮಾದರಿಗೆ ಇಂಟರ್ನೆಟ್ ಮೂಲಕವೇ ಇಳಿಸಿಕೊಳ್ಳುವ ಅಪ್‌ಡೇಟ್ ಬಂತು. ಶಕ್ತಿ 300 ಕಿಲೋವ್ಯಾಟಿನಿಂದ 350ಕ್ಕೆ, ಟಾರ್ಕ್ 660ರಿಂದ 680 ನ್ಯೂಟನ್ ಮೀಟರಿಗೆ ಏರಿತು. ಶಕ್ತಿ ಆರನೇ ಒಂದು ಭಾಗದಷ್ಟು ಹೆಚ್ಚಿದರೂ, ಗೇರು ಮತ್ತು ಆಕ್ಸಲ್‌ಗಳನ್ನು ತಿರುಚುವ ಟಾರ್ಕನ್ನು ಅವರು ಏರಿಸಿದ್ದು ಬರೀ 3% ಮಾತ್ರ.