ಎಸ್‌ಟಿಪಿ ಫಿಲ್ಟರಿಗೆ ಮರಳೇ ಆಗಬೇಕಾ?

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್ ಎಸ್‌ಟಿಪಿಯ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಸ್ಯಾಂಡ್ ಫಿಲ್ಟರಿನಲ್ಲಿ ಮರಳು ಬದಲಾಯಿಸಬೇಕು. ಅದರ ಬದಲು ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), ಗಾಜಿನ ಪುಡಿ ಅಥವಾ ತೆಂಗಿನ ನಾರು ಹಾಕಿದರೆ ನಡೆಯುತ್ತದಾ?

ಗಾಜು ನಡೆಯುತ್ತದೆ. ಎಂ-ಸ್ಯಾಂಡ್ ಬೇಡ. ನಾರನ್ನಂತೂ ಆ ಟ್ಯಾಂಕಿನ ಹತ್ತಿರಕ್ಕೂ ತರಬೇಡಿ.

ಕೊಳಚೆ ನೀರು ನಿಜವಾಗಿ ಶುದ್ಧವಾಗುವುದು ಈ ಫಿಲ್ಟರಿನಲ್ಲಿ ಅಲ್ಲ. ಅದು ಗಾಳಿ ಊದುವ ಏರೇಶನ್ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾಗಳು ಮಾಡುವ ಕೆಲಸ. (ಈ ವಿಧಾನ ಜಗತ್ತಿಗೆ ಗೊತ್ತಾಗಿದ್ದು 1914ರಲ್ಲಿ, ಮ್ಯಾಂಚೆಸ್ಟರಿನಿಂದ. ಅದರ ಹಿಂದಿದ್ದ ಗಿಲ್ಬರ್ಟ್ ಫೌಲರ್ ಆಮೇಲೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೇ, ಅಂದರೆ ಐಐಎಸ್‌ಸಿಗೆ, ಪ್ರೊಫೆಸರ್ ಆಗಿ ಬಂದರು.) ಕೆಸರು ತಳ ಸೇರಿದ ಮೇಲೆ ಉಳಿದ ತಿಳಿನೀರಿನಲ್ಲಿ ತೇಲುವ ಸಣ್ಣ ಕಣಗಳನ್ನು ಹಿಡಿಯುವುದಷ್ಟೇ ಮರಳಿನ ಕೆಲಸ. ಹಾಗಾಗಿ ಶುದ್ಧವಾಗಿ ಟಾಯ್ಲೆಟ್ಟಿಗೆ ಬರುವ ಫ್ಲಶ್ ನೀರು ನಾತ ಹೊಡೆಯುತ್ತಿದ್ದರೆ ಮರಳನ್ನು ಬೈಯುವ ಮೊದಲು ಗಾಳಿ ಊದುವ ಬ್ಲೋವರ್ ಸರಿಯಾಗಿ ಓಡುತ್ತಿದೆಯಾ ನೋಡಿ.

ಎಂ-ಸ್ಯಾಂಡ್ ಯಾಕೆ ಬೇಡ? ಅದು ಕಾಂಕ್ರೀಟಿಗೆ ಅಂತ ಮಾಡಿದ್ದು. ಕಾಂಕ್ರೀಟಿನಲ್ಲಿ ದಪ್ಪ ಕಣ, ಸಣ್ಣ ಕಣ, ಪುಡಿ ಎಲ್ಲ ಬೆರೆತು ಸಂದಿ ಮುಚ್ಚಬೇಕು. ಫಿಲ್ಟರಿಗೆ ಬೇಕಾಗಿರುವುದೇ ಆ ಸಂದಿ! ಅದಕ್ಕೇ ಫಿಲ್ಟರ್ ಮರಳು ಹೆಚ್ಚುಕಡಿಮೆ ಒಂದೇ ಗಾತ್ರದ್ದು, ಸಾಮಾನ್ಯವಾಗಿ ಅರ್ಧದಿಂದ ಒಂದು ಮಿ.ಮೀ. ಆಸುಪಾಸಿನದು. ಕಾಂಕ್ರೀಟ್ ಮರಳಿನ ಮಾನದಂಡ ಐಎಸ್ 383, ಕಲ್ಲು ಪುಡಿ ಮಾಡಿದ ಮರಳಿನಲ್ಲಿ 150 ಮೈಕ್ರಾನ್‌ಗಿಂತ ಸಣ್ಣದು ಶೇ. 20ರವರೆಗೂ ಇರಬಹುದು ಅನ್ನುತ್ತದೆ. ಅನುಮಾನ ಇದ್ದರೆ ಒಂದು ಹಿಡಿ ಎಂ-ಸ್ಯಾಂಡನ್ನು ಗಾಜಿನ ಬಾಟಲಿಗೆ ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿ ಇಟ್ಟುಬಿಡಿ. ನೀರು ಬೂದಿ ಬಣ್ಣಕ್ಕೆ ತಿರುಗಿ, ತುಂಬ ಹೊತ್ತಿನ ಮೇಲೆ ಮರಳಿನ ಮೇಲೊಂದು ನುಣ್ಣನೆಯ ಪದರ ಕೂರುತ್ತದೆ. ಟ್ಯಾಂಕಿನಲ್ಲೂ ಅಷ್ಟೇ. ಬ್ಯಾಕ್‌ವಾಶ್ ಮಾಡಿದಾಗ (ಅಂದರೆ ತಳದಿಂದ ಮೇಲಕ್ಕೆ ನೀರು ಹಾಯಿಸಿ ಫಿಲ್ಟರ್ ತೊಳೆದಾಗ) ಮೇಲೆದ್ದ ಪುಡಿಯಲ್ಲಿ ಸ್ವಲ್ಪ ಹೊರಗೆ ಹೋಗಿ ಉಳಿದದ್ದು ಮತ್ತೆ ಮೇಲ್ಗಡೆಯೇ ಕೂತು ದಾರಿ ಕಟ್ಟುತ್ತದೆ, ಒಳಗಿನ ಒತ್ತಡ ಏರುತ್ತದೆ, ಆಪರೇಟರ್ ಪದೇ ಪದೇ ಬ್ಯಾಕ್‌ವಾಶ್ ಮಾಡುತ್ತಾ ಕೂರಬೇಕಾಗುತ್ತದೆ.

ಗಾಜಿನ ವಿಷಯ ಬೇರೆ. ಹಳೆ ಬಾಟಲಿ ಒಡೆದು, ಚೂಪು ಅಂಚು ಸವೆಸಿ, ತೊಳೆದು, ಜರಡಿ ಹಿಡಿದ ಗಾಜಿನ ಹರಳನ್ನು ಯುರೋಪಿನಲ್ಲಿ ಈಜುಕೊಳದ ಫಿಲ್ಟರುಗಳಿಗೆ ಮರಳಿನ ಬದಲು ಹಾಕುವುದುಂಟು. ಮರಳಿಗಿಂತ ಸ್ವಲ್ಪ ಹಗುರ, ಮೈ ನುಣುಪು, ಹಾಗಾಗಿ ಲೋಳೆ ಅಂಟುವುದೂ ಕಡಿಮೆ. ದರ ಮಾತ್ರ ವಿಚಾರಿಸಿ ನೋಡಿ, ಅಗ್ಗ ಅಂತ ಸುಮ್ನೆ ಅಂದುಕೊಳ್ಳಬೇಡಿ. ಗುಜರಿಯಿಂದ ಬಾಟಲಿ ತಂದು ನೀವೇ ಕುಟ್ಟಿ ಹಾಕುವ ಸಾಹಸವಂತೂ ಬೇಡ.

ತೆಂಗಿನ ನಾರು ಕೆಟ್ಟದ್ದಲ್ಲ, ಜಾಗ ತಪ್ಪು ಅಷ್ಟೇ. ಒತ್ತಡದ ಫಿಲ್ಟರಿನಲ್ಲಿ ಅದು ಬ್ಯಾಕ್‌ವಾಶ್ ನೀರಿನ ಜೊತೆ ಎದ್ದು ಹೋಗಿ ವಾಲ್ವಿಗೆ ಸುತ್ತಿಕೊಳ್ಳುತ್ತದೆ, ಮೊದಮೊದಲು ಕಂದು ಬಣ್ಣವನ್ನೂ ಬಿಡುತ್ತದೆ. ಆದರೆ ನೀರು ನಿಧಾನಕ್ಕೆ ತೊಟ್ಟಿಕ್ಕುವ ಕಡೆ, ಬ್ಯಾಕ್ಟೀರಿಯಾಗಳಿಗೆ ಮನೆ ಮಾಡಿಕೊಡಲು, ಅದು ಒಳ್ಳೆಯ ಸಾಮಾನು. ನಾರಿನಲ್ಲಿ ಲಿಗ್ನಿನ್ (ಮರಕ್ಕೆ ಗಟ್ಟಿತನ ಕೊಡುವ ಅಂಶ) ಜಾಸ್ತಿ, ಬೇಗ ಕೊಳೆಯುವುದಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಸೆಪ್ಟಿಕ್ ಟ್ಯಾಂಕಿನಿಂದ ಬರುವ ನೀರನ್ನು ತೆಂಗಿನ ಸಿಪ್ಪೆಯ ಚೂರಿನ ಮೇಲೆ ಹರಿಸಿ ಶುದ್ಧ ಮಾಡುವ ಘಟಕಗಳನ್ನು ಮಾರುತ್ತಾರೆ. ತೆಂಗು ಬೆಳೆಯದ ಊರಿನವರು! ತಿಪಟೂರು, ಅರಸೀಕೆರೆ ಕಡೆ ಸಿಪ್ಪೆಗೇನು ಬರವಿಲ್ಲ, ಅಲ್ಲಿನ ಹಾಸ್ಟೆಲ್, ಶಾಲೆಗಳ ಸೆಪ್ಟಿಕ್ ಟ್ಯಾಂಕಿಗೆ ಇದನ್ನು ಮಾಡಿ ನೋಡಬಹುದು ಅನ್ನುವುದು ನನ್ನ ಅಭಿಪ್ರಾಯ.

ಅಂದಹಾಗೆ ಮುಂದಿನ ಕಾರ್ಬನ್ ಟ್ಯಾಂಕಿನಲ್ಲಿ ಇರುವುದೂ ಎಷ್ಟೋ ಕಡೆ ತೆಂಗಿನ ಚಿಪ್ಪಿನ ಇದ್ದಿಲೇ. ಒಲೆಯ ಇದ್ದಿಲಲ್ಲ, 800 ಡಿಗ್ರಿಗೂ ಮೇಲಿನ ಶಾಖದಲ್ಲಿ ಹಬೆ ಹಾಯಿಸಿ ಒಳಗೆಲ್ಲ ಸಣ್ಣ ಸಣ್ಣ ರಂಧ್ರ ಮಾಡಿದ್ದು. ಆ ರಂಧ್ರಗಳು ತುಂಬಿದ ಮೇಲೆ ಎಷ್ಟು ಬ್ಯಾಕ್‌ವಾಶ್ ಮಾಡಿದರೂ ಪ್ರಯೋಜನವಿಲ್ಲ, ಬದಲಾಯಿಸಲೇಬೇಕು.

ಗಾಜು ತರಿಸುವುದಾದರೆ ಯಾವ ಗಾತ್ರದ ಕಣ ಎಷ್ಟಿದೆ ಅಂತ ಹೇಳುವ ಜರಡಿ ರಿಪೋರ್ಟ್ ಕೇಳಿ. ಹಳೆ ಮರಳು ತೆಗೆಸಿದ ದಿನವೇ ತಳದ ಜಲ್ಲಿ ಮತ್ತು ನೀರು ಮಾತ್ರ ಹೊರಬಿಡುವ ನಾಝಲ್‌ಗಳನ್ನೂ ನೋಡಿಸಿಬಿಡಿ. ಒಂದೇ ಒಂದು ನಾಝಲ್ ಒಡೆದಿದ್ದರೂ ಹೊಸ ಗಾಜು ಫ್ಲಶ್ ಟ್ಯಾಂಕಿಗೆ ಇಳಿದು ಹೋಗುತ್ತದೆ.