ಲೋಹಶೋಧಕ: ಹುಡುಕುವುದೋ, ಸೋಸುವುದೋ?

ಮುಂಬಯಿಯ ಮಾಲ್‌ಗಳಲ್ಲಿ, ದೊಡ್ಡ ಹೋಟೆಲುಗಳ ಬಾಗಿಲಲ್ಲಿ, ಗಣೇಶೋತ್ಸವದ ಮಂಟಪಗಳ ಸರದಿಯಲ್ಲಿ ಕಾವಲುಗಾರರು ನಮ್ಮ ಮೈಯ ಸುತ್ತ ಆಡಿಸುವ ಕಪ್ಪು ಪಟ್ಟಿಯಂಥ ಉಪಕರಣಕ್ಕೆ ಕನ್ನಡದಲ್ಲಿ ‘ಲೋಹಶೋಧಕ’ ಎಂಬ ಹೆಸರಿದೆ. ಆಡುಮಾತಿನಲ್ಲಿ ಅದು ‘ಮೆಟಲ್ ಡಿಟೆಕ್ಟರ್’. ಭದ್ರತಾ ಸಿಬ್ಬಂದಿಯ ಬಾಯಲ್ಲಿ ಕೈಯಲ್ಲಿ ಹಿಡಿಯುವುದು ‘ಎಚ್‌ಎಚ್‌ಎಂಡಿ’, ನಾವು ನಡೆದು ದಾಟುವ ಚೌಕಟ್ಟು ‘ಡಿಎಫ್‌ಎಂಡಿ’. ಮರಾಠಿಯಲ್ಲಿ ಇದನ್ನು ‘ಧಾತುಶೋಧಕ’ ಎನ್ನುತ್ತಾರೆ. ಮರಾಠಿಗರಿಗೆ ಧಾತುವೆಂದರೆ ಲೋಹ. ಕನ್ನಡ ಶಾಲೆಯಲ್ಲಿ ವ್ಯಾಕರಣ ಓದಿ ಈ ಊರಿಗೆ ಬಂದವರಿಗೆ ಕ್ರಿಯಾಪದದ ಮೂಲರೂಪವನ್ನು ಪತ್ತೆಹಚ್ಚುವ ಯಂತ್ರವೇನೋ ಎಂಬ ಅನುಮಾನ ಒಂದು ಕ್ಷಣ ಹುಟ್ಟಿದರೆ ಅವರ ತಪ್ಪಲ್ಲ.

ಹೆಸರಿನ ಮೊದಲರ್ಧದಲ್ಲಿ ತೊಡಕಿಲ್ಲ, ‘ಶೋಧಕ’ದಲ್ಲಿದೆ. ಕನ್ನಡದಲ್ಲಿ ಶೋಧಿಸುವುದೆಂದರೆ ಹುಡುಕುವುದೂ ಹೌದು, ಸೋಸುವುದೂ ಹೌದು: ಪೊಲೀಸರು ಮನೆಯನ್ನು ಶೋಧಿಸುತ್ತಾರೆ, ಅಜ್ಜಿ ಕಷಾಯವನ್ನು ಬಟ್ಟೆಯಲ್ಲಿ ಶೋಧಿಸುತ್ತಾಳೆ. ಯಂತ್ರದ ಹೆಸರು ಕೇಳಿದೊಡನೆ ಹುಡುಕುವ ಅರ್ಥವೇ ಮನಸ್ಸಿಗೆ ಬಂದು, ಅದು ಅಪಾಯದ ವಸ್ತುವನ್ನು ತಾನಾಗಿ ಹುಡುಕಿ ಕೊಡುತ್ತದೆ ಎಂದು ನಂಬಿಬಿಡುತ್ತೇವೆ. ನನಗೆ ತೋರುವಂತೆ ಅಜ್ಜಿಯ ಅರ್ಥವೇ ಈ ಯಂತ್ರಕ್ಕೆ ಸರಿಯಾಗಿ ಹೊಂದುತ್ತದೆ. ಜರಡಿಗೆ ಕಲ್ಲು ಯಾವುದು, ಕಾಳು ಯಾವುದು ಎಂಬ ತಿಳಿವಳಿಕೆ ಇರುವುದಿಲ್ಲ. ಅದರ ಕಣ್ಣಿಗಿಂತ ದಪ್ಪವಾದದ್ದು ಮೇಲೆ ಉಳಿಯುತ್ತದೆ, ಆರಿಸುವ ಕೆಲಸ ಕೈಗೆ ಬಿಟ್ಟದ್ದು.

ಈ ಜರಡಿಯನ್ನು ಹೆಣೆದಿರುವುದು ಕಾಂತಕ್ಷೇತ್ರದಿಂದ. ಉಪಕರಣದ ಚಪ್ಪಟೆ ತುದಿಯೊಳಗೆ ತಾಮ್ರದ ತಂತಿಯ ಸುರುಳಿ ಇರುತ್ತದೆ. ಅದರಲ್ಲಿ ಸೆಕೆಂಡಿಗೆ ಸಾವಿರಾರು ಬಾರಿ ದಿಕ್ಕು ಬದಲಿಸುವ ವಿದ್ಯುತ್ತು ಹರಿದಾಗ ಸುತ್ತಲೂ ಅಷ್ಟೇ ವೇಗದಲ್ಲಿ ಬದಲಾಗುವ ಕಾಂತಕ್ಷೇತ್ರ ಏಳುತ್ತದೆ. ಆ ವಲಯದೊಳಗೆ ಲೋಹದ ತುಂಡೊಂದು ಬಂದರೆ, 1831ರಲ್ಲಿ ಮೈಕೆಲ್ ಫ್ಯಾರಡೆ ತೋರಿಸಿಕೊಟ್ಟ ಪ್ರೇರಣೆಯ ನಿಯಮದಂತೆ, ಅದರ ಮೈಯಲ್ಲಿ ಸಣ್ಣ ಸಣ್ಣ ಸುಳಿಪ್ರವಾಹಗಳು ಹುಟ್ಟಿ, ತಮ್ಮದೇ ಕಾಂತಕ್ಷೇತ್ರದಿಂದ ಮೂಲ ಕ್ಷೇತ್ರವನ್ನು ಕದಡುತ್ತವೆ. ಆ ಕದಡುವಿಕೆಯನ್ನು ಅಳೆದು ಯಂತ್ರ ಕೂಗುತ್ತದೆ. ಅದಕ್ಕೆ ಗೊತ್ತಾಗುವುದು ತನ್ನ ಕ್ಷೇತ್ರ ಕದಡಿತು ಎಂಬುದಷ್ಟೇ. ಕದಡಿದ್ದು ಚಾಕುವೋ, ಕಾಲುಂಗುರವೋ, ಮಾತ್ರೆಯ ಅಲ್ಯೂಮಿನಿಯಂ ಪಟ್ಟಿಯೋ ಎಂಬುದು ತಿಳಿಯುವುದಿಲ್ಲ. ಕಬ್ಬಿಣವನ್ನು ಮಾತ್ರ ಹಿಡಿಯುತ್ತದೆ ಎಂಬ ನಂಬಿಕೆಯೂ ತಪ್ಪು. ಚಿನ್ನ, ಬೆಳ್ಳಿ, ತಾಮ್ರ, ಹಿತ್ತಾಳೆ ಎಲ್ಲವೂ ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ಚೆನ್ನಾಗಿಯೇ ಸಿಕ್ಕಿಬೀಳುತ್ತವೆ. ಕಷ್ಟ ಕೊಡುವುದು ನಮ್ಮ ಅಡಿಗೆಮನೆಯ ಸ್ಟೀಲು: ಅದರ ವಾಹಕತೆ ತಾಮ್ರದ್ದಕ್ಕಿಂತ ಸುಮಾರು 40 ಪಟ್ಟು ಕಡಿಮೆ, ಕಾಂತತ್ವವೂ ಅತ್ಯಲ್ಪ.

ಯಂತ್ರದ ಮೇಲಿರುವ ‘ಸೆನ್ಸಿಟಿವಿಟಿ’ ತಿರುಪನ್ನು ಜರಡಿಯ ಕಣ್ಣು ಎಂದುಕೊಂಡರೆ ಅದನ್ನು ಸಿದ್ಧಪಡಿಸುವ ಕ್ರಮ ತಾನಾಗಿ ಅರ್ಥವಾಗುತ್ತದೆ. ಕಣ್ಣು ತೀರಾ ಸಣ್ಣದಾದರೆ ಅಂಗಿಯ ಗುಂಡಿ, ಪ್ಯಾಂಟಿನ ಜಿಪ್ಪು, ಪಿನ್ನು ಎಲ್ಲವೂ ಮೇಲೆ ಉಳಿದು, ಕೂಗಿ ಕೂಗಿ ಕಾವಲುಗಾರನ ಕಿವಿಯೇ ಅದನ್ನು ಲೆಕ್ಕಿಸದಂತಾಗುತ್ತದೆ. ತೀರಾ ದೊಡ್ಡದಾದರೆ ಬ್ಲೇಡೂ ನುಸುಳಿ ಹೋಗುತ್ತದೆ. ಆದ್ದರಿಂದ ಹೊಸ ಬ್ಯಾಟರಿ ಹಾಕಿ (ಹೆಚ್ಚಿನವುಗಳಲ್ಲಿ 9 ವೋಲ್ಟಿನ ಚೌಕದ್ದು), ಮೇಜು, ಗ್ರಿಲ್ಲು, ಲೋಹದ ಕುರ್ಚಿಗಳಿಂದ ದೂರ ನಿಂತು ಸ್ವಿಚ್ ಒತ್ತಿ, ಯಂತ್ರ ಮೌನವಾಗಿದೆಯೆಂದು ಖಚಿತಪಡಿಸಿಕೊಂಡು, ತಪ್ಪಿಹೋಗಬಾರದ ಅತಿ ಸಣ್ಣ ವಸ್ತು ಯಾವುದೋ ಅದನ್ನೇ ಮಾದರಿಯಾಗಿ ಹತ್ತಿರ ಹಿಡಿದು, ಅದು ಪ್ರತಿ ಬಾರಿಯೂ ಕೂಗುವವರೆಗೆ ತಿರುಪನ್ನು ಸ್ವಲ್ಪಸ್ವಲ್ಪವಾಗಿ ತಿರುಗಿಸಬೇಕು. ಕೆಲವರು ತಮ್ಮ ಕೈಗಡಿಯಾರಕ್ಕೆ ತಾಗಿಸಿ ನೋಡಿ ‘ಸರಿಯಿದೆ’ ಎನ್ನುತ್ತಾರೆ. ಕೈಗಡಿಯಾರದಷ್ಟು ದೊಡ್ಡ ಲೋಹಕ್ಕೆ ಕೆಟ್ಟ ಯಂತ್ರವೂ ಕೂಗೀತು.

ಮುಂಬಯಿಯಲ್ಲಿ ಇನ್ನೊಂದು ತೊಡಕಿದೆ: ಇಲ್ಲಿನ ನೆಲವೇ ಲೋಹ. ಮಾಟುಂಗದ ಸಭಾಂಗಣವೊಂದರಲ್ಲಿ ಕನ್ನಡ ಸಮಾರಂಭವಿದ್ದ ಸಂಜೆ ಬಾಗಿಲು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಬಂದವರೆಲ್ಲರ ಪಾದದ ಬಳಿ ಯಂತ್ರ ಕೂಗತೊಡಗಿದಾಗ ಎಲ್ಲರ ಚಪ್ಪಲಿಯಲ್ಲೂ ಮೊಳೆ ಇದೆಯೆಂದು ಭಾವಿಸಿ ಹತ್ತಾರು ಜನರ ಚಪ್ಪಲಿ ಬಿಡಿಸಿದೆ. ಹಿರಿಯರೊಬ್ಬರು ಬಾಗಿ ನೆಲ ನೋಡಿ, “ತಮ್ಮಾ, ಯಂತ್ರವನ್ನು ಬರಿಯ ನೆಲಕ್ಕೆ ಹಿಡಿದು ನೋಡು” ಎಂದರು. ಹಿಡಿದೆ, ಕೂಗಿತು. ಕಾಂಕ್ರೀಟಿನೊಳಗಿನ ಸರಳುಗಳನ್ನು ನಾನು ಜನರ ಪಾದದಲ್ಲಿ ಹುಡುಕುತ್ತಿದ್ದೆ. ಅಂಥ ಕಡೆ ಪಾದವನ್ನು ಪ್ಲಾಸ್ಟಿಕ್ಕಿನ ಅಥವಾ ಮೊಳೆಯಿಲ್ಲದ ಮರದ ಮಣೆಯ ಮೇಲೆ ಇಡಿಸಿ ನೋಡುವುದು ಸುಲಭದ ಉಪಾಯ.

ಇದೇ ಎಡವಟ್ಟು ಈ ಯಂತ್ರದ ಹುಟ್ಟಿನೊಂದಿಗೇ ಬಂದದ್ದು. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಗುಂಡೇಟು ಬಿದ್ದಾಗ, ದೇಹದೊಳಗೆ ಉಳಿದ ಗುಂಡನ್ನು ಪತ್ತೆ ಮಾಡಲು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥದೇ ತತ್ತ್ವದ ಉಪಕರಣವನ್ನು ತರಾತುರಿಯಲ್ಲಿ ಕಟ್ಟಿದರು. ಹಾಸಿಗೆಯೊಳಗಿನ ಉಕ್ಕಿನ ಸ್ಪ್ರಿಂಗುಗಳು ಸದ್ದನ್ನು ಗೊಂದಲಗೊಳಿಸಿದವು. ಗುಂಡು ಬಲಗಡೆಯೇ ಇದೆಯೆಂದು ನಂಬಿದ್ದ ವೈದ್ಯರು ಬಲಭಾಗವನ್ನಷ್ಟೇ ಪರೀಕ್ಷಿಸಲು ಬಿಟ್ಟರು. ಗಾರ್ಫೀಲ್ಡ್ ಸೆಪ್ಟೆಂಬರ್ 19ರಂದು ತೀರಿಕೊಂಡ ಮೇಲೆ ನೋಡಿದರೆ ಗುಂಡು ಎಡಗಡೆಯಲ್ಲಿತ್ತು.

ಬಳಸುವ ರೀತಿಯಲ್ಲಿ ಮುಖ್ಯವಾದದ್ದು ದೂರ ಮತ್ತು ನಿಧಾನ. ಸುರುಳಿಯಿಂದ ದೂರ ಸರಿದಂತೆ ಕಾಂತಕ್ಷೇತ್ರ ಬಹುಬೇಗ ಕುಗ್ಗುವುದರಿಂದ ಯಂತ್ರದ ಚಪ್ಪಟೆ ಮುಖವನ್ನು ಮೈಗೆ ಸಮಾನಾಂತರವಾಗಿ, ಬಟ್ಟೆಗೆ ತಾಗದಂತೆ, ಎರಡು ಮೂರು ಬೆರಳಿನಷ್ಟು ಅಂತರದಲ್ಲಿ ನಡೆಸಬೇಕು. ಎಲ್ಲಿಂದ ಆರಂಭಿಸಿದರೂ ಪ್ರತಿಯೊಬ್ಬರಿಗೂ ಅದೇ ಕ್ರಮವಿರಬೇಕು. ಇಲ್ಲವಾದರೆ ಕಂಕುಳು, ಬೆನ್ನಿನ ನಡು, ಕಣಕಾಲು ಬಿಟ್ಟುಹೋಗುತ್ತವೆ. ಗುಂಪು ಹೆಚ್ಚಾದಾಗ ಯಂತ್ರವನ್ನು ಬೀಸಣಿಗೆಯಂತೆ ಬೀಸುವುದನ್ನು ನಾವೆಲ್ಲ ನೋಡಿದ್ದೇವೆ. ಅದರಿಂದ ಗಾಳಿಯೂ ಬರುವುದಿಲ್ಲ. ಅದಕ್ಕಿಂತ ದೊಡ್ಡ ಲೋಪವೆಂದರೆ ಜೇಬಿನ ಬಳಿ ಕೂಗಿದಾಗ ಕೀಲಿಗೊಂಚಲನ್ನು ಹೊರತೆಗೆಸಿ, “ಹೋಗಿ” ಎಂದು ಬಿಟ್ಟುಬಿಡುವುದು. ಕೀಲಿಯ ಕೂಗಿನ ಮರೆಯಲ್ಲಿ ಇನ್ನೊಂದು ವಸ್ತು ಅಡಗಿರಬಹುದು. ಕಂಡದ್ದನ್ನು ಬದಿಗಿರಿಸಿ ಅದೇ ಜಾಗವನ್ನು ಮೌನ ಬರುವ ತನಕ ಮತ್ತೆ ನೋಡಬೇಕು. ಮಾಂಗಲ್ಯ, ಬಳೆಗಳನ್ನು ತೆಗೆಸುವ ಪ್ರಶ್ನೆಯೇ ಇಲ್ಲ. ಹೆಂಗಸರನ್ನು ಹೆಂಗಸರೇ ಮರೆಯಲ್ಲಿ ಪರೀಕ್ಷಿಸಿ, ಕೂಗಿದ್ದು ಯಾವುದಕ್ಕೆಂದು ಕಣ್ಣಾರೆ ಕಂಡರೆ ಸಾಕು.

ಜರಡಿಯ ಕಣ್ಣಿಗೆ ಬೀಳದೆ ಪೂರ್ತಿ ಇಳಿದುಹೋಗುವ ವಸ್ತುಗಳೂ ಇವೆ. 1993ರ ಮಾರ್ಚ್ 12ರಂದು ಈ ನಗರವನ್ನು ನಡುಗಿಸಿದ ಸ್ಫೋಟಗಳಲ್ಲಿ ಬಳಕೆಯಾದ ಆರ್‌ಡಿಎಕ್ಸ್ ಲೋಹವಲ್ಲ. ಅಂಥದಕ್ಕೆ ಜೋಡಿಸಿದ ತಂತಿ, ಬ್ಯಾಟರಿ ಸಿಕ್ಕರೆ ಸಿಗಬಹುದೇ ಹೊರತು ಅದೇ ಸಿಗದು. ಆ ಕೆಲಸಕ್ಕೆ ನಾಯಿಯ ಮೂಗು ಬೇಕು. ಪ್ಲಾಸ್ಟಿಕ್, ಪಿಂಗಾಣಿ, ಪುಡಿ, ದ್ರವಗಳ ಮಟ್ಟಿಗೂ ಈ ಯಂತ್ರ ಕುರುಡು.

ಎದೆಯಲ್ಲಿ ಪೇಸ್‌ಮೇಕರ್ ಇರುವವರು ತಮ್ಮ ಕಾರ್ಡನ್ನು ಮೊದಲೇ ತೋರಿಸಿದರೆ ಅವರನ್ನು ಕೈಯಿಂದಲೇ ಪರೀಕ್ಷಿಸಬಹುದು. ಯಂತ್ರ ಬಳಸಲೇಬೇಕಾದರೆ ಆ ಜಾಗದ ಮೇಲೆ ಅದನ್ನು ತಡೆದು ಹಿಡಿಯಬಾರದು, ಹಿಂದೆ ಮುಂದೆ ಆಡಿಸಲೂ ಬಾರದು. ಮಂಡಿಯ ಚಿಪ್ಪು ಬದಲಿಸಿಕೊಂಡವರ ಕಾಲು ಕೂಗಿದರೆ ಶಸ್ತ್ರಚಿಕಿತ್ಸೆಯ ಕಥೆಯನ್ನು ಕೇಳಿ ಮುಗಿಸಲು ಅರೆಗಳಿಗೆ ಬೇಕಾಗುತ್ತದೆ, ಅಷ್ಟರಲ್ಲಿ ಹಿಂದಿನ ಸರದಿ ಬೆಳೆದಿರುತ್ತದೆ.